ಮಗುವಿನ ಅಳತೆಯ ಕುರ್ಚಿ, ನಗರದ ಮೆಟ್ಟಿಲು

ಸಿಪಿ, ಅಂದರೆ ಮೆದುಳಿಗಾದ ಹಾನಿಯಿಂದ ಮೈಯ ಚಲನೆ, ಭಂಗಿಯ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಐದಾರು ವರ್ಷದವರೆಗೆ ಸೊಂಟದ ಮೇಲೆ ಕೂರಿಸಿಕೊಂಡೇ ನಾವು ಪಾಲಕರು ಊರೆಲ್ಲ ಓಡಾಡುತ್ತೇವೆ. ಹದಿನೈದು ಕಿಲೋ ಇರುವಾಗ ಅದು ನಡೆಯುತ್ತದೆ. ಇಪ್ಪತ್ತೈದು ಕಿಲೋ ಆದ ಮೇಲೆ, ಇದ್ದಕ್ಕಿದ್ದಂತೆ ಮೈ ಸೆಟೆಸುವ ಮಗುವನ್ನು ಎತ್ತಿಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದು ಇಬ್ಬರಿಗೂ ಅಪಾಯ. ಅಷ್ಟು ಹೊತ್ತಿಗೆ ಅಮ್ಮನ ಸೊಂಟ ಹಿಡಿದಿರುತ್ತದೆ, ಮಗು ಮನೆಯಿಂದ ಹೊರಗೆ ಬರುವುದೇ ಕಡಿಮೆಯಾಗಿರುತ್ತದೆ. ಆದರೂ ವೀಲ್‌ಚೇರ್ ತರುವುದನ್ನು ಮುಂದೂಡುತ್ತೇವೆ. ಕುರ್ಚಿ ಬಂತೆಂದರೆ ಮಗು ನಡೆಯುತ್ತದೆ ಎಂಬ ಆಸೆ ಬಿಟ್ಟ ಹಾಗೆ ಎಂಬ ಅಳುಕು ಅದಕ್ಕೆ ಕಾರಣ. ಈ ಅಳುಕಿಗೆ ಆಧಾರವಿಲ್ಲ. ಫಿಸಿಯೊ, ಸ್ಟ್ಯಾಂಡಿಂಗ್ ಫ್ರೇಮ್, ವಾಕರ್ ಎಲ್ಲ ತಮ್ಮ ಪಾಡಿಗೆ ಮುಂದುವರಿಯುತ್ತವೆ. ಕುರ್ಚಿ ಇರುವುದು ಶಾಲೆಗೆ, ಪಾರ್ಕಿಗೆ, ಮದುವೆ ಮನೆಗೆ ಹೋಗಲು. ಬೆಂಗಳೂರಿನಲ್ಲಿ ಹಾಗೆ ಓಡಾಡಲು ಏನೇನು ಬೇಕು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಕೂರುವುದು ಸರಿಹೋಗಬೇಕು, ದಾರಿಯ ಮಾತು ಆಮೇಲೆ. ಕೂರುವುದು ಸರಿ ಇಲ್ಲದ ಮಗುವಿಗೆ ಅರ್ಧ ಗಂಟೆಯ ಪ್ರಯಾಣವೂ ಹಿಂಸೆ. ಅಳತೊಡಗುತ್ತದೆ, ಒಂದು ಬದಿಗೆ ವಾಲುತ್ತದೆ, ಜಾರಿ ಕೆಳಗೆ ಬರುತ್ತದೆ. ನಾವು ‘ಇವಳಿಗೆ ಹೊರಗೆ ಹೋಗುವುದೇ ಇಷ್ಟವಿಲ್ಲ’ ಎಂದು ತೀರ್ಮಾನಿಸಿಬಿಡುತ್ತೇವೆ.

ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ವೀಲ್‌ಚೇರ್‌ನ ಸೀಟು 18 ಇಂಚು ಅಗಲ, ಸುಮಾರು 45 ಸೆಂಟಿಮೀಟರ್. ಎಂಟು ವರ್ಷದ ಮಗುವಿನ ಸೊಂಟ 26 ಸೆಂಟಿಮೀಟರ್ ಇದ್ದರೆ ಎರಡೂ ಬದಿಗೆ ಅರ್ಧರ್ಧ ಗೇಣಿನ ಹತ್ತಿರ ಖಾಲಿ ಉಳಿಯುತ್ತದೆ. ಮಗು ಒಂದು ಬದಿಗೆ ವಾಲಿ, ಅಲ್ಲೇ ಒರಗಿ, ಬೆನ್ನುಮೂಳೆ ದಿನವೂ ಅದೇ ಕಡೆಗೆ ಬಾಗುತ್ತದೆ. ದಿಂಬು ತುರುಕಿ ಸರಿಮಾಡಲು ಹೋದರೆ ದಿಂಬು ಹತ್ತು ನಿಮಿಷದಲ್ಲಿ ಜಾರಿರುತ್ತದೆ. ಶಾಲೆಯ ಯೂನಿಫಾರ್ಮ್ ಥರ ‘ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ’ ಎನ್ನುವ ಲೆಕ್ಕ ಕುರ್ಚಿಗೆ ಬೇಡ. ಬೆಳವಣಿಗೆಗೆ ತಕ್ಕಂತೆ ಹಿಗ್ಗಿಸಬಹುದಾದ ಫ್ರೇಮ್ ಕೇಳಿ ತೆಗೆದುಕೊಳ್ಳಬೇಕು.

ಅಳತೆಗೆ ಇಬ್ಬರು ಬೇಕು. ಒಬ್ಬರು ಮಗುವನ್ನು ಗಟ್ಟಿ ಬೆಂಚಿನ ಮೇಲೆ ಕೂರಿಸಿ ಹಿಡಿಯಬೇಕು, ಪಾದ ನೆಲಕ್ಕೋ ಒಂದು ಪೆಟ್ಟಿಗೆಗೋ ಊರಿರಬೇಕು. ಸೊಂಟ, ಮಂಡಿ, ಹಿಮ್ಮಡಿಯ ಗಂಟು ಮೂರೂ ಸುಮಾರು 90 ಡಿಗ್ರಿ ಮಡಿಚಿದ ಸ್ಥಿತಿಯಲ್ಲಿ ಬರುವುದೇ ಸರಿಯಾದ ಅಳತೆ. ಮಲಗಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಟೈಲರ್ ಟೇಪು ಮೈಯ ಉಬ್ಬಿನ ಮೇಲೆ ಸುತ್ತಿ ಹೆಚ್ಚು ತೋರಿಸುವುದರಿಂದ ಸೊಂಟದ ಎರಡೂ ಬದಿಗೆ ದಪ್ಪ ರಟ್ಟಿನ ಪುಸ್ತಕ ಒತ್ತಿಹಿಡಿದು, ಪುಸ್ತಕಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ಅದಕ್ಕೆ 2 ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ ಬಂತು. ಸ್ವೆಟರ್, ಡೈಪರ್ ಎಲ್ಲ ಅಷ್ಟರಲ್ಲೇ ಹಿಡಿಸುತ್ತದೆ. ಸೀಟಿನ ಉದ್ದಕ್ಕೆ ಕುಂಡಿಯ ಹಿಂತುದಿಯಿಂದ ಮಂಡಿಯ ಹಿಂಭಾಗದ ಮಡಿಕೆಯವರೆಗೆ ಅಳೆದು 4 ಸೆಂಟಿಮೀಟರ್ ಕಳೆಯಬೇಕು. ಎರಡೂ ಕಾಲು ಬೇರೆಬೇರೆಯಾಗಿ ಅಳೆಯಿರಿ. ಒಂದು ಸೊಂಟದ ಕೀಲು ಜಾರಿದ್ದರೆ ಆ ತೊಡೆ ಗಿಡ್ಡವಾಗಿ ಕಾಣುತ್ತದೆ, ಹಾಗಿದ್ದರೆ ಸೀಟಿನ ಉದ್ದ ಗಿಡ್ಡ ಕಾಲಿನ ಲೆಕ್ಕಕ್ಕೆ ಬರಬೇಕು. ಇಂಥ ವ್ಯತ್ಯಾಸ ಕಂಡ ತಕ್ಷಣ ಮೂಳೆ ಡಾಕ್ಟರಿಗೆ ತೋರಿಸಿ ಸೊಂಟದ ಎಕ್ಸ್‌ರೇ ತೆಗೆಸಿ, ಕುರ್ಚಿಗೆ ಕಾಯಬೇಡಿ.

ಸೀಟು ಉದ್ದವಾದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರ ತಪ್ಪನ್ನು ನಾವು ಮಗುವಿನ ಮೇಲೆ ಹಾಕುತ್ತೇವೆ. ಸೀಟಿನ ಅಂಚು ಮಂಡಿಯ ಹಿಂದೆ ಒತ್ತಿದಾಗ ಆ ಒತ್ತಡ ತಪ್ಪಿಸಿಕೊಳ್ಳಲು ಮಗು ಕುಂಡಿಯನ್ನು ಮುಂದಕ್ಕೆ ಜಾರಿಸುತ್ತದೆ. ಬೆನ್ನು ಗೂನಾಗುತ್ತದೆ. ತಲೆ ನಿಲ್ಲಿಸಲು ಕತ್ತನ್ನು ಮೇಲಕ್ಕೆ ಎತ್ತುತ್ತದೆ. ಕತ್ತು ಮೇಲೆತ್ತಿದ ಭಂಗಿಯಲ್ಲಿ ನುಂಗುವುದು ಕಷ್ಟ, ಊಟ ಶ್ವಾಸನಾಳಕ್ಕೆ ಹೋಗುವ ಭಯ. ಹೀಗೆ ನಾಲ್ಕು ಸೆಂಟಿಮೀಟರ್ ತಪ್ಪು ತಟ್ಟೆಯವರೆಗೆ ಬರುತ್ತದೆ.

ಕಾಲಿಡುವ ಹಲಗೆಯ ಎತ್ತರವನ್ನು ಸ್ಪ್ಲಿಂಟ್, ಶೂ ಹಾಕಿಯೇ ಅಳೆಯಿರಿ. ಹಲಗೆ ತೀರಾ ಕೆಳಗಿದ್ದರೆ ಪಾದ ಜೋತಾಡಿ ಮಗು ಜಾರುತ್ತದೆ, ತೀರಾ ಮೇಲಿದ್ದರೆ ಮಂಡಿ ಎದ್ದು ಭಾರವೆಲ್ಲ ಕುಂಡಿಯ ಮೂಳೆಯ ಮೇಲೆ ಬೀಳುತ್ತದೆ. ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆ ಮತ್ತು ಸೊಂಟ ಸೇರುವ ಮಡಿಕೆಯಲ್ಲಿ, ಸೀಟಿಗೆ ಸುಮಾರು 45ರಿಂದ 60 ಡಿಗ್ರಿ ಓರೆಯಲ್ಲಿ ಎಳೆದಿರಬೇಕು. ಬೆಲ್ಟಿನ ಒಳಗೆ ಎರಡು ಬೆರಳು ಹೋದರೆ ಸಾಕು. ಅದಕ್ಕಿಂತ ಸಡಿಲವಿದ್ದರೆ ಹಂಪ್ ಸಿಕ್ಕಾಗ ಮಗು ಕೆಳಗೆ ಜಾರಿ ಬೆಲ್ಟು ಹೊಟ್ಟೆಗೆ, ಎದೆಗೆ ಏರುತ್ತದೆ. ಎದೆಯ ಬೆಲ್ಟೊಂದನ್ನೇ ಕಟ್ಟಿ ಸೊಂಟದ ಬೆಲ್ಟು ಬಿಡುವುದು ಎಲ್ಲಕ್ಕಿಂತ ಅಪಾಯಕಾರಿ, ಜಾರಿದ ಮಗುವಿನ ಕುತ್ತಿಗೆಗೆ ಅದು ಬರುತ್ತದೆ. ತಲೆ ನಿಲ್ಲದ ಮಕ್ಕಳಿಗೆ ಸೀಟು ಬೆನ್ನು ಎರಡೂ ಒಟ್ಟಿಗೆ ಹಿಂದಕ್ಕೆ ಓರೆಯಾಗುವ ಟಿಲ್ಟ್ ಕುರ್ಚಿ ಬೇಕು. ಬೆನ್ನು ಮಾತ್ರ ಮಲಗುವ ಕುರ್ಚಿಯಲ್ಲಿ ಸೊಂಟದ ಮಡಿಕೆ ಬಿಚ್ಚಿಕೊಂಡು ಮೈ ಇನ್ನಷ್ಟು ಸೆಟೆಯುತ್ತದೆ.

ಹೊಸ ಕುರ್ಚಿ ಬಂದ ಮೊದಲ ವಾರ ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ. ಇಳಿಸಿದ ತಕ್ಷಣ ಕುಂಡಿ, ಬೆನ್ನಿನ ಕೆಳತುದಿ, ಮಂಡಿಯ ಒಳಬದಿ, ಹಿಮ್ಮಡಿ ನೋಡಿ. ಒತ್ತಿದ ಗುರುತು ಅರ್ಧ ಗಂಟೆಯೊಳಗೆ ಮಾಯವಾಗದಿದ್ದರೆ ಕುರ್ಚಿ ಎಲ್ಲೋ ಒತ್ತುತ್ತಿದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕೈಯಿಟ್ಟು ಬಿಸಿ ಇದೆಯಾ, ಗಟ್ಟಿಯಾಗಿದೆಯಾ ನೋಡಬೇಕು.

ಕುರ್ಚಿ ಎಲ್ಲಿ ಮಾಡಿಸುವುದು? ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಮತ್ತು 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಈ ಕೆಲಸ ಬಲ್ಲ ಸಂಸ್ಥೆಗಳು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಕೇಂದ್ರ ಸರ್ಕಾರದ ಕಂಪನಿ ಅಲಿಮ್ಕೊ ತಯಾರಿಸುವ ಕುರ್ಚಿಗಳನ್ನು ಶಿಬಿರಗಳಲ್ಲಿ ಕೊಡುತ್ತಾರೆ, ಅದರಲ್ಲಿ ಸಿಪಿ ಮಕ್ಕಳ ಕುರ್ಚಿಯೂ ಇದೆ. ತಿಳಿದಿರಬೇಕಾದ ಒಂದು ನಿಯಮ: ಅಡಿಪ್ ಅಡಿ ದೊಡ್ಡವರು ಮತ್ತೆ ಸಾಧನ ಪಡೆಯಲು ಮೂರು ವರ್ಷ ಕಾಯಬೇಕು, ಆದರೆ 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ ಸಾಕು. ಮಕ್ಕಳು ಬೆಳೆಯುತ್ತಾರೆ ಎಂದೇ ಇಟ್ಟಿರುವ ನಿಯಮ ಅದು, ಸಂಕೋಚವಿಲ್ಲದೆ ಬಳಸಿ. ಶಿಬಿರದಲ್ಲಿ ಕುರ್ಚಿ ಕೈಗೆ ಬಂದ ಕೂಡಲೇ ಫೋಟೋ ತೆಗೆಸಿಕೊಂಡು ಹೊರಡಬೇಡಿ. ಮಗುವನ್ನು ಕೂರಿಸಿ, ಅಲ್ಲಿರುವ ತಂತ್ರಜ್ಞರಿಂದ ಹಲಗೆ, ಬೆಲ್ಟು ಹೊಂದಿಸಿಕೊಂಡೇ ಹೊರಡಿ.

ಚಕ್ರಗಳ ವಿಷಯಕ್ಕೆ ಬಂದರೆ, ನಮ್ಮ ರಸ್ತೆಗೆ ಮುಂದಿನ ಸಣ್ಣ ಚಕ್ರ 8 ಇಂಚಿನದು, ಅಗಲವಾಗಿರುವುದು ಒಳ್ಳೆಯದು. ನುಣುಪಾದ ನೆಲಕ್ಕೆ ಮಾಡಿದ ಸಪೂರ 5 ಇಂಚಿನ ಚಕ್ರ ಮೋರಿ ಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಕುರ್ಚಿ ಗಕ್ಕನೆ ನಿಂತು ಮಗು ಮುಂದಕ್ಕೆ ಬಗ್ಗುತ್ತದೆ. ಹಿಂದಿನ ಚಕ್ರ 24 ಇಂಚಿನದಾಗಿದ್ದರೆ ಟ್ಯೂಬು ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ, ಪಂಕ್ಚರ್ ಹಾಕುವವರು ಸೈಕಲ್ಲಿನ ಹಾಗೇ ಹಾಕಿಕೊಡುತ್ತಾರೆ. ಗಾಳಿ ತುಂಬದ ಗಟ್ಟಿ ಟೈರಿಗೆ ಪಂಕ್ಚರ್ ಭಯವಿಲ್ಲ, ಆದರೆ ಪ್ರತಿ ಕುಲುಕೂ ಮಗುವಿನ ಬೆನ್ನಿಗೆ ನೇರ ಹೋಗುತ್ತದೆ. ಕುಲುಕಿಗೆ ಮೈ ಸೆಟೆಸುವ ಮಕ್ಕಳಿಗೆ ಗಾಳಿಯ ಟೈರೇ ಸರಿ. ಗಾಳಿ ಕಡಿಮೆಯಾದರೆ ಬ್ರೇಕೂ ಹಿಡಿಯುವುದಿಲ್ಲ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಈ ಕುರ್ಚಿಗಳ ಬ್ರೇಕು ಟೈರನ್ನು ಒತ್ತಿ ನಿಲ್ಲಿಸುವಂಥದ್ದು. ಟೈರು ಮೆತ್ತಗಾದರೆ ಸನ್ನೆ ಪೂರ್ತಿ ಎಳೆದರೂ ಚಕ್ರ ಉರುಳುತ್ತದೆ. ಇಳಿಜಾರಿನಲ್ಲಿ ಕುರ್ಚಿ ತಾನಾಗಿ ಸರಿದರೆ ಬ್ರೇಕಿನ ಬೋಲ್ಟಿಗಿಂತ ಮೊದಲು ಗಾಳಿ ನೋಡಿ.

ಇನ್ನು ಕಾಗದಪತ್ರ. ಕೇಂದ್ರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೋ ಹಾಕಿ ಯುಡಿಐಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಿ, ಆಸ್ಪತ್ರೆ ಆರಿಸಿಕೊಂಡು, ಅವರು ಕೊಟ್ಟ ದಿನ ತಪಾಸಣೆಗೆ ಹೋಗಬೇಕು. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಅವಧಿ ಮುಗಿದರೆ ಬಸ್ ಪಾಸ್, ರೈಲು ರಿಯಾಯಿತಿ ಎಲ್ಲ ನಿಲ್ಲಬಹುದು. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವೂ ಅದರಲ್ಲಿದೆ. ರಾಜ್ಯ ಸಾರಿಗೆಯ ರಿಯಾಯಿತಿ ಪಾಸಿಗೆ ಸೇವಾಸಿಂಧು ಮೂಲಕ ಅರ್ಜಿ ಹಾಕಬೇಕು. ರೈಲಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ. 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಅದಕ್ಕೆ ರೈಲ್ವೆಯದೇ ಪ್ರತ್ಯೇಕ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಸಿಪಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ. ಇಷ್ಟನ್ನೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಫೋನಿನಲ್ಲೂ ಫೋಟೋ ಇಟ್ಟುಕೊಂಡಿರಿ.

ಈಗ ರಸ್ತೆ. ಫುಟ್‌ಪಾತಿನ ಕಲ್ಲಂಚು 15 ಸೆಂಟಿಮೀಟರ್ ಮೀರಬಾರದು, ಓಡಾಡಲು 1.8 ಮೀಟರ್ ಅಗಲ ಖಾಲಿ ಇರಬೇಕು ಎಂದು ಭಾರತೀಯ ರೋಡ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಹೇಳುತ್ತದೆ. ಚರ್ಚ್ ಸ್ಟ್ರೀಟ್, ಫುಟ್‌ಪಾತ್ ಸಮೇತ ರಸ್ತೆ ಹೊಸದಾಗಿ ಕಟ್ಟುವ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಂಥ ಕಡೆ ಕುರ್ಚಿ ತಳ್ಳುವುದು ಹಗುರ. ಬಡಾವಣೆಯ ಒಳರಸ್ತೆಗಳ ಕಥೆ ಬೇರೆ. ಒಂದೊಂದು ಮನೆಯ ಗೇಟಿಗೂ ಫುಟ್‌ಪಾತ್ ಇಳಿದು ಏರುತ್ತದೆ, ನಡುವೆ ಟ್ರಾನ್ಸ್‌ಫಾರ್ಮರ್, ಸ್ಕೂಟರು, ಎದ್ದ ಚಪ್ಪಡಿ. ಬೈಕು ಬಾರದಂತೆ ನೆಟ್ಟ ಕಂಬಗಳ ನಡುವೆ 90 ಸೆಂಟಿಮೀಟರ್ ಬಿಡದಿದ್ದರೆ ಕುರ್ಚಿಯೂ ಹೋಗುವುದಿಲ್ಲ. ಆದ್ದರಿಂದ ಹೊಸ ಜಾಗಕ್ಕೆ ಹೊರಡುವ ಮೊದಲು ಮನೆಯವರೊಬ್ಬರು ಒಂಟಿಯಾಗಿ ಹೋಗಿ ಕೊನೆಯ ಮುನ್ನೂರು ಮೀಟರ್ ನಡೆದು ನೋಡಿ ಬರುವುದು ನಮ್ಮ ರೂಢಿ. ಮೆಟ್ರೋ ಹತ್ತು ಕಿಲೋಮೀಟರ್ ಸಲೀಸಾಗಿ ತಲುಪಿಸಿದರೂ ಆ ಮುನ್ನೂರು ಮೀಟರಿನಲ್ಲಿ ಪ್ರಯಾಣ ನಿಲ್ಲುತ್ತದೆ. ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಲೇಬೇಕಾದರೆ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಹೋಗಿ.

ಕಲ್ಲಂಚು ಹತ್ತುವುದು ತೋಳಿನ ಬಲಕ್ಕಿಂತ ಕ್ರಮದ ಕೆಲಸ. ಹಿಂದಕ್ಕೆ ಬೀಳದಂತೆ ತಡೆಯುವ ಸಣ್ಣ ಕಾಲುಗಳಿದ್ದರೆ ಅವನ್ನು ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಕುರ್ಚಿ ಓರೆಯಾಗುವುದೇ ಇಲ್ಲ. ಅಂಚಿಗೆ ನೇರ ಎದುರಾಗಿ ನಿಂತು ‘ಎತ್ತುತ್ತೀನಿ ಕಂದ’ ಎಂದು ಮಗುವಿಗೆ ಹೇಳಿ. ಹೇಳದೆ ಓರೆ ಮಾಡಿದರೆ ಬೆಚ್ಚಿ ಮೈ ಬಿಲ್ಲಿನಂತೆ ಸೆಟೆಸುತ್ತದೆ. ಕುರ್ಚಿಯ ಹಿಂದೆ ಕೆಳಗೆ ಚಾಚಿರುವ ಕೊಳವೆಯನ್ನು ಪಾದದಿಂದ ಒತ್ತಿ, ಹಿಡಿಯನ್ನು ನಿಮ್ಮ ಕಡೆಗೆ ಎಳೆದರೆ ಮುಂದಿನ ಚಕ್ರ ಏಳುತ್ತದೆ. ಅದನ್ನು ಮೇಲಿಟ್ಟು, ದೊಡ್ಡ ಚಕ್ರ ಅಂಚಿಗೆ ತಾಗುವವರೆಗೆ ಮುಂದೆ ಸಾಗಿ, ತೊಡೆಯನ್ನು ಕುರ್ಚಿಯ ಬೆನ್ನಿಗೆ ಒತ್ತಿ ನೂಕಿ. ಇಳಿಯುವಾಗ ಇದೆಲ್ಲ ತಿರುವುಮುರುವು: ನೀವು ಮೊದಲು ಕೆಳಗಿಳಿದು, ದೊಡ್ಡ ಚಕ್ರ ಎರಡನ್ನೂ ಒಟ್ಟಿಗೆ ನಿಧಾನವಾಗಿ ಇಳಿಸಿ, ಹಿಂದೆ ನಡೆಯುತ್ತಾ ಸಣ್ಣ ಚಕ್ರ ಅಂಚು ದಾಟಿದ ಮೇಲೆ ಕೆಳಗಿಡಿ. ಮುಖ ಮುಂದಾಗಿ ಇಳಿಸಲು ಹೋಗಿ ಮಗು ಮುಗ್ಗರಿಸುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಕಡಿದಾದ ರ‍್ಯಾಂಪಿನಲ್ಲೂ ಬೆನ್ನು ಮುಂದಾಗಿಯೇ ಇಳಿಯಿರಿ.

ರ‍್ಯಾಂಪು ಇದೆ ಎಂದು ಫೋನಿನಲ್ಲಿ ಹೇಳಿದರೆ ನಂಬಿ ಹೊರಡುವ ಹಾಗಿಲ್ಲ. ಸರಿಯಾದ ಇಳಿಜಾರು 1:12, ಅಂದರೆ 15 ಸೆಂಟಿಮೀಟರಿನ ಒಂದೇ ಮೆಟ್ಟಿಲಿಗೆ 1.8 ಮೀಟರ್ ಉದ್ದದ ರ‍್ಯಾಂಪು. ಮೂರು ಮೆಟ್ಟಿಲಿಗೆ ಐದೂವರೆ ಮೀಟರ್ ಹತ್ತಿರ. ಕಲ್ಯಾಣ ಮಂಟಪ, ಬ್ಯಾಂಕುಗಳ ಮುಂದೆ ಎಷ್ಟೋ ಸಲ ಕಾಣುವುದು ಸ್ಕೂಟರ್ ಹತ್ತಿಸಲು ಹಾಕಿದ ಸಿಮೆಂಟಿನ ಓರೆ. ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡಿ, 5 ಡಿಗ್ರಿಯೊಳಗಿದ್ದರೆ ಒಬ್ಬರೇ ತಳ್ಳಬಹುದು. 10 ಡಿಗ್ರಿ ತೋರಿಸಿದರೆ ಇನ್ನೊಬ್ಬರ ಕೈ ಬೇಕೇ ಬೇಕು. ಮೆಟ್ಟಿಲೇ ಗತಿಯಾದರೆ ಕುರ್ಚಿಯನ್ನು ಇಬ್ಬರು ಎತ್ತಬೇಕು, ಬಲಶಾಲಿ ಮೇಲೆ ಹಿಡಿಕೆಯ ಬಳಿ, ಇನ್ನೊಬ್ಬರು ಕೆಳಗೆ ಫ್ರೇಮಿನ ಕೊಳವೆ ಹಿಡಿದು. ಸಹಾಯಕ್ಕೆ ಬಂದವರು ಒಳ್ಳೆಯ ಮನಸ್ಸಿನಿಂದ ಕೈಯೊರಗು, ಕಾಲಿನ ಹಲಗೆ ಹಿಡಿದು ಎತ್ತುತ್ತಾರೆ. ಅವೆರಡೂ ಕಳಚಿ ಬರುವ ಭಾಗಗಳು. ‘ಅಣ್ಣ, ಅದು ಬಿಚ್ಚಿಬರುತ್ತೆ, ಈ ಪೈಪ್ ಹಿಡೀರಿ’ ಎಂದು ಎತ್ತುವ ಮೊದಲೇ ಕೈ ಮುಟ್ಟಿಸಿ ತೋರಿಸಿ.

ನಮ್ಮ ಮೆಟ್ರೋದಲ್ಲಿ ರಸ್ತೆಯಿಂದ ಟಿಕೆಟ್ ಅಂತಸ್ತಿಗೆ ಒಂದು ಲಿಫ್ಟ್, ಅಲ್ಲಿಂದ ಪ್ಲಾಟ್‌ಫಾರ್ಮಿಗೆ ಇನ್ನೊಂದು. ಎಲ್ಲ ಬಾಗಿಲಲ್ಲೂ ಲಿಫ್ಟ್ ಇರುವುದಿಲ್ಲ. ರಸ್ತೆಯ ತಪ್ಪು ಬದಿಯಲ್ಲಿ ಆಟೋ ಇಳಿದರೆ ದೊಡ್ಡ ರಸ್ತೆ ದಾಟಬೇಕಾಗುತ್ತದೆ, ಹಾಗಾಗಿ ಯಾವ ಬದಿ ಎಂದು ಮೊದಲೇ ತಿಳಿದಿರಲಿ. ಒಳಗೆ ಅಗಲದ ಗೇಟಿನಲ್ಲೇ ಹೋಗಿ, ಕಾರ್ಡು ಮುಟ್ಟಿಸುವ ಕೆಲಸ ಮಗುವಿಗೆ ಬಿಡಿ. ಕೈ ತಲುಪದಿದ್ದರೆ ಮಣಿಕಟ್ಟು ಹಿಡಿದು ಮುಟ್ಟಿಸಿ. ಗೇಟಿನ ಬಳಿಯ ಸಿಬ್ಬಂದಿಗೆ ಇಳಿಯುವ ನಿಲ್ದಾಣ ಹೇಳಿ, ಅಲ್ಲಿ ಲಿಫ್ಟ್ ನಡೆಯುತ್ತಿದೆಯೇ ಎಂದು ಕೇಳಿ ಅಲ್ಲಿಗೂ ತಿಳಿಸಲು ಕೋರಿಕೊಳ್ಳಿ. ಲಿಫ್ಟ್ ಕೆಟ್ಟಿದ್ದರೆ ಹತ್ತುವ ಮೊದಲೇ ಗೊತ್ತಾಗುವುದು ಒಳಿತು, ಆಗ ಒಂದು ನಿಲ್ದಾಣ ಹಿಂದೆ ಇಳಿದು ಆಟೋ ಹಿಡಿಯಬಹುದು. ರೈಲಿಗೆ ಹತ್ತುವಾಗ ಕುರ್ಚಿ ತಿರುಗಿಸಿ ದೊಡ್ಡ ಚಕ್ರ ಮೊದಲು ಒಳಹೋಗಲಿ, ಸಣ್ಣ ಚಕ್ರ ಪ್ಲಾಟ್‌ಫಾರ್ಮಿನ ಸಂದಿಯಲ್ಲಿ ಅಡ್ಡ ತಿರುಗಿ ಕಚ್ಚಿಕೊಳ್ಳುತ್ತದೆ. ಒಳಗೆ ವೀಲ್‌ಚೇರ್ ಗುರುತಿನ ಜಾಗದಲ್ಲಿ ಎರಡೂ ಬ್ರೇಕು ಹಾಕಿ, ಆದರೂ ಹಿಡಿಕೆ ಬಿಡಬೇಡಿ. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಲು ಕಾಲು ಗಂಟೆ ಹೆಚ್ಚಿಟ್ಟುಕೊಳ್ಳಿ. ಬೆಳಗಿನ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು ತಪ್ಪಿಸಿದರೆ ಮಗುವಿನ ಮುಖದ ಮಟ್ಟಕ್ಕೆ ಬ್ಯಾಗುಗಳು ಬಡಿಯುವುದಿಲ್ಲ.

ಬಸ್ಸಿನಲ್ಲಿ ನೆಲದ ಎತ್ತರವೇ ಎಲ್ಲವನ್ನೂ ನಿರ್ಧರಿಸುತ್ತದೆ. ನೆಲ 90 ಸೆಂಟಿಮೀಟರ್ ಮೇಲಿರುವ ಮೆಟ್ಟಿಲಿನ ಬಸ್ಸಿಗೆ ಕುರ್ಚಿ ಹತ್ತುವುದಿಲ್ಲ. ವೋಲ್ವೊ ಬಸ್ಸುಗಳು, ಹೊಸ ಲೋ ಫ್ಲೋರ್ ಎಲೆಕ್ಟ್ರಿಕ್ ಬಸ್ಸುಗಳ ನೆಲ 40 ಸೆಂಟಿಮೀಟರ್ ಆಸುಪಾಸು, ಬಾಗಿಲಲ್ಲಿ ಕೈಯಿಂದ ಮಡಿಚಿ ತೆಗೆಯುವ ರ‍್ಯಾಂಪು. ಬಸ್ಸು ಫುಟ್‌ಪಾತಿಗೆ ಒತ್ತಿ ನಿಂತರೆ ರ‍್ಯಾಂಪು ಹೆಚ್ಚುಕಡಿಮೆ ಸಮತಟ್ಟು, ರಸ್ತೆ ನಡುವೆ ನಿಂತರೆ ಅದೇ ರ‍್ಯಾಂಪು ಕಡಿದಾಗುತ್ತದೆ. ಆದ್ದರಿಂದ ನಿಲ್ದಾಣದ ಗುಂಪಿನಲ್ಲಿ ನಿಲ್ಲದೆ ಮುಂಚೂಣಿಯಲ್ಲಿ, ಡ್ರೈವರಿಗೆ ದೂರದಿಂದಲೇ ಕುರ್ಚಿ ಕಾಣುವ ಹಾಗೆ ನಿಂತು ಕೈ ತೋರಿಸಿ. ಟರ್ಮಿನಲ್‌ನಲ್ಲಿ ಹತ್ತಿದರೆ ರ‍್ಯಾಂಪು ತೆಗೆಯಲು ಕಂಡಕ್ಟರಿಗೆ ಸಮಯ ಸಿಗುತ್ತದೆ, ಹಿಂದೆ ಹಾರ್ನ್ ಹೊಡೆಯುವವರೂ ಇರುವುದಿಲ್ಲ.

ಕ್ಯಾಬಿನಲ್ಲಿ ಒಂದೇ ತೊಡಕು, ಆದರೆ ದೊಡ್ಡದು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಮಡಿಚಿದ ಕುರ್ಚಿಗೆ ಜಾಗವಿಲ್ಲ. ಬುಕ್ ಆದ ತಕ್ಷಣ ಫೋನ್ ಮಾಡಿ ‘ಸರ್, ಡಿಕ್ಕಿ ಖಾಲಿ ಇದೆಯಾ, ವೀಲ್‌ಚೇರ್ ಇಡಬೇಕು’ ಎಂದು ಕೇಳಿ. ಕುರ್ಚಿ ಕೊಳ್ಳುವಾಗಲೇ ಹಿಂದಿನ ಚಕ್ರ ಗುಂಡಿ ಒತ್ತಿ ಕಳಚುವಂಥದ್ದು ತೆಗೆದುಕೊಂಡರೆ ಆಟೋದಲ್ಲೂ ಹಿಡಿಸುತ್ತದೆ: ಫ್ರೇಮು ಸೀಟಿನ ಹಿಂದೆ, ಚಕ್ರ ಎರಡೂ ಕಾಲ ಬಳಿ. ಮತ್ತೆ ಜೋಡಿಸಿದ ಮೇಲೆ ಚಕ್ರವನ್ನು ಒಮ್ಮೆ ಹೊರಕ್ಕೆ ಎಳೆದು ಕಚ್ಚಿಕೊಂಡಿದೆಯೇ ನೋಡದೆ ಮಗುವನ್ನು ಕೂರಿಸಲೇಬೇಡಿ.

ಕುರ್ಚಿಯ ಹಿಂದೆ ತೂಗುವ ಚೀಲದಲ್ಲಿ ಇವಿರಲಿ: ಮಡಿಚುವ ಚಾಪೆ, ಎರಡು ಡೈಪರ್, ಮಗು ಮತ್ತು ಕುರ್ಚಿ ಎರಡನ್ನೂ ಮುಚ್ಚುವ ಮಳೆಕೋಟು, ಅಲೆನ್ ಕೀ, ಸಣ್ಣ ಪಂಪು, ಫಿಟ್ಸ್ ಬರುವ ಮಗುವಾದರೆ ಡಾಕ್ಟರ್ ಬರೆದುಕೊಟ್ಟ ತುರ್ತು ಔಷಧ ಮತ್ತು ಅದನ್ನು ಹೇಗೆ, ಎಷ್ಟು ಕೊಡಬೇಕೆಂಬ ಚೀಟಿ ಕನ್ನಡದಲ್ಲಿ. ಹತ್ತು ವರ್ಷದ ಮಗುವನ್ನು ಮಲಗಿಸಿ ಬಟ್ಟೆ ಬದಲಿಸುವ ಸೌಕರ್ಯ ಸಾರ್ವಜನಿಕ ಶೌಚಾಲಯಗಳಲ್ಲಿ ಕಾಣಸಿಗುವುದಿಲ್ಲ. ಚಾಪೆ ಅದಕ್ಕೇ. ಚೀಲ ಭಾರವಾದರೆ ಮಗುವನ್ನು ಇಳಿಸಿದ ಕ್ಷಣ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಮೊದಲು ಚೀಲ ತೆಗೆದು ಆಮೇಲೆ ಮಗುವನ್ನು ಎತ್ತಿ.

ಎದ್ದ ಚಪ್ಪಡಿ, ಅಡ್ಡ ಕಂಬ, ವಾರಗಟ್ಟಲೆ ಕೆಟ್ಟ ಲಿಫ್ಟ್ ಸಿಕ್ಕಿದರೆ ಬರೆದು ಕೊಡಲೇಬೇಕು. ಇದು ದಯೆ ಕೇಳುವ ಮಾತಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸುಗಮ ಪ್ರವೇಶದ ಮಾನದಂಡಗಳು ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಆದೇಶಿಸಿದೆ. ದೂರಿನಲ್ಲಿ ಕಷ್ಟ ತೋಡಿಕೊಳ್ಳುವುದಕ್ಕಿಂತ ಅಳತೆ ಬರೆಯಿರಿ: ಯಾವ ಅಡ್ಡರಸ್ತೆ, ಯಾವ ಮನೆಯ ಎದುರು, ಅಂಚು ಎಷ್ಟು ಸೆಂಟಿಮೀಟರ್, ಕಂಬಗಳ ನಡುವೆ ಎಷ್ಟು. ಟೇಪು ಹಿಡಿದ ಫೋಟೋ ಲಗತ್ತಿಸಿ. ಬೆಂಗಳೂರಿಗೆ ಈಗ ಐದು ಪಾಲಿಕೆಗಳಿರುವುದರಿಂದ ನಿಮ್ಮ ರಸ್ತೆ ಯಾವುದರ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕೆಲಸವಾಗದಿದ್ದರೆ ಅದೇ ದೂರಿನ ಪ್ರತಿ, ಸ್ವೀಕೃತಿ ಸಂಖ್ಯೆ ಸಮೇತ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಕಳಿಸಿ. ಆ ಟೇಪು ಚೀಲದಲ್ಲೇ ಇರಲಿ. ಆರು ತಿಂಗಳಿಗೊಮ್ಮೆ ಮಗುವಿನ ತೊಡೆ, ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲೂ ಅದೇ ಬೇಕು.